ಸೂಜಿಯಣ್ಣನ ನೆತ್ತಿಯ ಮದ್ದು

ಇಷ್ಟಕ್ಕೆಲ್ಲ ಕಾರಣ ಹದಿನಾಲ್ಕು ವರ್ಷದ ಹಿಂದಿನ ಒಂದು ಹೊಗಳಿಕೆ. ಮದುವೆಯಾದ ಹೊಸದರಲ್ಲಿ ಸೂಜಿಯಣ್ಣ ಹೆಂಡತಿಯನ್ನು ಯಾವ ಗಂಡನೂ ಕೇಳಬಾರದ ಪ್ರಶ್ನೆ ಕೇಳಿದ್ದ: "ನನ್ನಲ್ಲಿ ಏನು ನೋಡಿ ಒಪ್ಕೊಂಡೆ?" ತರಕಾರಿ ಹೆಚ್ಚುತ್ತಿದ್ದವಳು ತಲೆಯೆತ್ತದೆ, "ನಿಮ್ಮ ಕೂದಲು ನೋಡಿ" ಎಂದಿದ್ದಳು. ಅವಳು ಹೇಳಿ ಮರೆತಳು. ಇವನು ಮರೆಯಲಿಲ್ಲ.

ಅಂದಿನಿಂದ ಅವನು ಆ ಕೂದಲನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತ ಬಂದ. ಆದರೆ ಕಾದರೆ ನಿಲ್ಲುವ ವಸ್ತುವೇ ಅದು? ನಲವತ್ತು ದಾಟುವ ಹೊತ್ತಿಗೆ ಹಣೆ ಮೆಲ್ಲಗೆ ಹಿಂದೆ ಸರಿಯಿತು, ನೆತ್ತಿ ಬಯಲಾಗುತ್ತ ಬಂತು. ದಿನವೂ ಬೆಳಿಗ್ಗೆ ಬಾಚಣಿಗೆಯಲ್ಲಿ ಸಿಕ್ಕ ಎಳೆಗಳನ್ನು ನೋಡಿ ಅವನಿಗೆ ಒಂದೇ ಯೋಚನೆ: ಒಪ್ಪಿಕೊಂಡ ಕಾರಣವೇ ಉದುರಿಹೋದ ಮೇಲೆ ಒಪ್ಪಿಗೆಯ ಗತಿಯೇನು? ಹೆಂಡತಿ ಬಿಟ್ಟು ಹೋಗುವವಳಲ್ಲ, ಅದು ಅವನಿಗೂ ಗೊತ್ತು. ಆದರೆ ಅವಳು ಮನಸ್ಸಿನಲ್ಲೇ 'ಪಾಪ' ಅಂದುಕೊಂಡು ಸುಮ್ಮನಿದ್ದುಬಿಟ್ಟರೆ? ಅದನ್ನು ತಡೆದುಕೊಳ್ಳುವುದು ತನ್ನಿಂದಾಗದು ಎಂದು ಅವನಿಗೆ ನಿಜವಾಗಿ ಅನಿಸಿತ್ತು.

ಸೂಜಿಯಣ್ಣ ಎಂಬುದು ಊರು ಕೊಟ್ಟ ಹೆಸರು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವನದು ಹದಿನೆಂಟು ವರ್ಷದ ನೌಕರಿ. ನರವೇ ಸಿಗದ ಮುದುಕರ ತೋಳಿನಲ್ಲೂ ಒಂದೇ ಸಲಕ್ಕೆ, ನೋವಿಲ್ಲದೆ ರಕ್ತ ತೆಗೆಯುವ ಕೈ. ಪರರ ರಕ್ತದಲ್ಲಿ ಏನೇನಿದೆ ಎಂದು ಕಣ್ಣುಮುಚ್ಚಿ ಹೇಳುವವನು ತನ್ನ ನೆತ್ತಿಯ ವಿಷಯದಲ್ಲಿ ಮಾತ್ರ ಯಾರನ್ನೂ ಕೇಳಲಿಲ್ಲ. ತಂಗಿಯ ಬಾಣಂತನಕ್ಕೆಂದು ಹೆಂಡತಿ ಮೂರು ವಾರ ಊರಿಗೆ ಹೋದದ್ದೇ ತಡ, ಕೂದಲು ಬೆಳೆಸುವ ಮದ್ದಿನ ಬಾಟಲಿ ತಂದ. ಅವಳು ಬರುವಷ್ಟರಲ್ಲಿ ನೆತ್ತಿ ಚಿಗುರಿರಬೇಕು ಎಂಬುದು ಯೋಜನೆ.

ದಿನಕ್ಕೆ ಎರಡು ಸಲ ಹಚ್ಚಿ ಎಂದು ಚೀಟಿಯಲ್ಲಿ ಬರೆದಿತ್ತು. ಇರುವುದು ಮೂರೇ ವಾರವಾದ್ದರಿಂದ ಇವನು ನಾಲ್ಕು ಸಲ ಹಚ್ಚಿದ. ಬೆರಳಿಗೆ ಅಂಟಿದ್ದನ್ನು ಸುಮ್ಮನೆ ತೊಳೆಯಲು ಮನಸ್ಸು ಬಾರದೆ ಮೀಸೆಗೆ ಒರೆಸಿಕೊಂಡ. ಮೊದಲ ವಾರ ಇದ್ದ ಕೂದಲೂ ಉದುರಿತು. ಶುರುವಿನಲ್ಲಿ ಹಾಗಾಗುತ್ತದೆ ಎಂದು ಚೀಟಿಯಲ್ಲೇ ಇತ್ತಲ್ಲ, ಖುಷಿಪಟ್ಟ. ಎರಡನೆಯ ವಾರ ನೆತ್ತಿ ತುರಿಸಿತು. ಬೇರು ಬಿಡುತ್ತಿದೆ ಎಂದುಕೊಂಡ. ಮೂರನೆಯ ವಾರದ ಕೊನೆಯ ದಿನ, ಸಂಜೆ ಆರರ ಬಸ್ಸಿಗೆ ಹೆಂಡತಿ ಬರುತ್ತಾಳೆ ಎನ್ನುವ ಬೆಳಿಗ್ಗೆ, ಕನ್ನಡಿ ನೋಡಿದವನಿಗೆ ಎದುರಿಗಿದ್ದವನ ಗುರುತು ಹತ್ತಲಿಲ್ಲ. ನೆತ್ತಿ ಕೆಂಪಗೆ ಉರಿಯುತ್ತಿತ್ತು. ಹಣೆ ಊದಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಮೀಸೆಯ ಕೆಳಗಿನ ತುಟಿಯಂತೂ ಜೇನು ಕಚ್ಚಿದ ಹಾಗೆ ದಪ್ಪಗಾಗಿತ್ತು.

ಟೋಪಿ, ಮಾಸ್ಕು ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದರೆ ಮೇಲ್ಮನೆಯ ಮೇಷ್ಟ್ರು ಎದುರಾದರು. ನಿವೃತ್ತರು. ಪಾಠಕ್ಕೆ ತರಗತಿ ಇಲ್ಲದೆ ಇಡೀ ಕಟ್ಟಡವನ್ನೇ ತರಗತಿ ಮಾಡಿಕೊಂಡವರು.

"ಏನಯ್ಯಾ, ಮುಖ ಮುಚ್ಕೊಂಡಿದೀಯ?"

"ಸ್ವಲ್ಪ ನೆಗಡಿ, ಮೇಷ್ಟ್ರೇ."

"ನೆಗಡಿಗೆ ಕಣ್ಣು ಊದುತ್ತಾ? ಇದು ರೋಗನಿರೋಧಕ ಶಕ್ತಿ ಕಮ್ಮಿ ಆಗಿರೋ ಲಕ್ಷಣ. ಹೆಂಡತಿ ಊರಲ್ಲಿಲ್ಲ, ಹೊತ್ತಿಗೆ ಸರಿಯಾಗಿ ಊಟ ಇಲ್ಲ. ಪರೀಕ್ಷೆ ಮಾಡಿಸ್ಕೋ. ಸಕ್ಕರೆ ನೋಡಿಸ್ಕೊಳ್ಳೋಕೆ ನಾನೂ ನಿಮ್ಮ ಲ್ಯಾಬಿಗೇ ಬರ್ತಿದೀನಿ, ಇರು."

ಸೂಜಿಯಣ್ಣ ಇರಲಿಲ್ಲ, ಓಡಿದ.

ಲ್ಯಾಬಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಅವನು ಬಾಗಿಲು ಮುಂದೆ ಮಾಡಿಕೊಂಡು, ಎಡತೋಳಿಗೆ ಪಟ್ಟಿ ಬಿಗಿದು, ತನ್ನ ರಕ್ತ ತಾನೇ ತೆಗೆದ. ಜೀವನದಲ್ಲಿ ಮೊದಲ ಬಾರಿಗೆ ಅವನ ಕೈಯಲ್ಲಿ ಸೂಜಿ ನೋವು ಕೊಟ್ಟಿತು. ಅಲ್ಲೊಂದು ಕಟ್ಟುನಿಟ್ಟು ಇತ್ತು: ನಂಬರಿನ ಚೀಟಿ ಅಂಟಿಸದ ಕೊಳವೆ ಯಂತ್ರದ ಒಳಗೆ ಹೋಗುವಂತಿಲ್ಲ. ಆ ಕಟ್ಟುನಿಟ್ಟು ತಂದವನೂ ಅವನೇ. ಈಗ ಏನು ಮಾಡುವುದು? ಶನಿವಾರ ಮೂವತ್ತು ಜನ ಬಂದರೆ ಹೆಚ್ಚು. ನಲವತ್ತೊಂದನೆಯ ನಂಬರನ್ನು ಕೇಳುವವರು ಯಾರು? ಅದನ್ನೇ ಕಿತ್ತು ಅಂಟಿಸಿ ಕೊಳವೆಯನ್ನು ಸಾಲಿನಲ್ಲಿಟ್ಟ.

ಕೇಳುವವರು ಬಂದರು. ಅವತ್ತು ಯಾವುದೋ ಕಾರ್ಖಾನೆಯ ಹದಿನೆಂಟು ಮಂದಿ ಸಾಮೂಹಿಕ ಪರೀಕ್ಷೆಗೆಂದು ಬಂದು ಬೆಂಚಿನ ಮೇಲೆ ಕೂತುಬಿಟ್ಟರು. ನಂಬರು ಸರಸರನೆ ಏರಿತು. ಹನ್ನೊಂದು ಗಂಟೆಗೆ ಮೇಷ್ಟ್ರು ಬಂದಾಗ, ಚೀಟಿ ಕೊಡುವ ಹುಡುಗಿ ನಲವತ್ತರ ನಂತರದ ಚೀಟಿ ಕಾಣದೆ, "ಎಲ್ಲಿ ಉದುರಿಹೋಯ್ತೋ" ಎಂದುಕೊಂಡು ಕೈಯಲ್ಲೇ ನಲವತ್ತೊಂದು ಎಂದು ಬರೆದುಕೊಟ್ಟಳು. ಮೇಷ್ಟ್ರು ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಲು ಹೊರಟಿದ್ದರು, ಅಷ್ಟರಲ್ಲಿ ಅವಳೇ ಬಂದು ರಿಪೋರ್ಟು ಕೈಗಿಟ್ಟಳು.

"ಇನ್ನೂ ತೋಳೇ ಮಡಚಿಲ್ಲ, ಆಗಲೇ ರಿಪೋರ್ಟಾ!" ಮೇಷ್ಟ್ರು ಬೆಂಚಿನವರ ಕಡೆ ತಿರುಗಿದರು. "ನೋಡ್ರಪ್ಪಾ, ವಿಜ್ಞಾನ ಎಲ್ಲಿಗೆ ಮುಟ್ಟಿದೆ! ನಮ್ಮ ಕಾಲದಲ್ಲಿ ಮೂರು ದಿನ ಕಾಯ್ಬೇಕಿತ್ತು."

ರಕ್ತ ತೆಗೆಯಲು ನಿಂತಿದ್ದ ಹಿರಿಯ ಸಿಸ್ಟರ್ ಹಾಳೆಯ ಮೇಲೆ ಕಣ್ಣಾಡಿಸಿದರು. ಅವರ ದನಿ ಸಣ್ಣದೇ, ಆದರೆ ಮೂರು ಕೋಣೆಗೆ ಕೇಳಿಸುವಂಥದ್ದು. "ರಕ್ತದಲ್ಲಿ ಇಯೊಸಿನೊಫಿಲ್ ಅನ್ನೋ ಬಿಳಿಕಣ ಜಾಸ್ತಿ ಇದೆ, ಮೇಷ್ಟ್ರೇ. ಹೊಟ್ಟೇಲಿ ಜಂತುಹುಳ ಇರ್ಬೇಕು."

ಬೆಂಚಿನ ಮೇಲಿದ್ದ ಹದಿನೆಂಟು ಮಂದಿಯೂ ಒಮ್ಮೆಗೆ ಸರಿದು ಕೂತರು.

"ಜಂತುಹುಳಾನಾ?" ಮೇಷ್ಟ್ರ ಮುಖ ಇಳಿಯಿತು. ಸಾವಿರಾರು ಮಕ್ಕಳಿಗೆ ಊಟಕ್ಕೆ ಮುಂಚೆ ಕೈ ತೊಳೆಯಿರಿ ಎಂದು ಪಾಠ ಹೇಳಿದ ಮನುಷ್ಯ. "ನನಗಾ? ದಿನಕ್ಕೆ ಎಂಟು ಸಲ ಸೋಪು ಹಾಕ್ತೀನಮ್ಮಾ..."

ಒಳಗಿನ ಕಿಟಕಿಯಿಂದ ಸೂಜಿಯಣ್ಣ ಎಲ್ಲವನ್ನೂ ನೋಡುತ್ತಿದ್ದ. ಸುಮ್ಮನಿದ್ದರೆ ಉಳಿದುಕೊಳ್ಳುತ್ತಿದ್ದ. ಆದರೆ ಹದಿನೆಂಟು ವರ್ಷದಲ್ಲಿ ಒಬ್ಬರ ರಿಪೋರ್ಟನ್ನು ಇನ್ನೊಬ್ಬರ ಕೈಗೆ ಹೋಗಲು ಬಿಟ್ಟವನಲ್ಲ. ಹೊರಗೆ ಬಂದು, ತಲೆ ತಗ್ಗಿಸಿ ನಿಂತ.

"ಅದು ನನ್ನ ರಕ್ತ, ಮೇಷ್ಟ್ರೇ. ನಿಮಗೆ ಏನೂ ಇಲ್ಲ."

"ನಿಮ್ಮದಾ?" ಎಂದು ಸಿಸ್ಟರ್ ಮಾಸ್ಕು ಎಳೆದರು, ಹುಡುಗಿ ಟೋಪಿ ಎತ್ತಿದಳು, ಮೇಷ್ಟ್ರು "ಶಿವನೇ!" ಎಂದರು. ಗಲಾಟೆ ಕೇಳಿ ಒಳಕೋಣೆಯಿಂದ ಡಾಕ್ಟರಮ್ಮ ಬಂದರು. ಅವನ ನೆತ್ತಿಯನ್ನು ಒಂದು ಸಲ, ತುಟಿಯನ್ನು ಒಂದು ಸಲ ನೋಡಿ, "ಏನು ಹಚ್ಕೊಂಡ್ರಿ?" ಎಂದು ಕೇಳಿದರು.

ಇಷ್ಟು ಜನರ ಎದುರಿಗೆ ಸೂಜಿಯಣ್ಣ ಬಾಟಲಿಯ ಕತೆ ಹೇಳಬೇಕಾಯಿತು. ಯಾಕೆ ಹಚ್ಚಿಕೊಂಡೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಡಾಕ್ಟರಮ್ಮ ನಗಲಿಲ್ಲ. "ಮದ್ದು ನಿಮಗೆ ವಿಷ ಆಗಿಲ್ಲ. ಮದ್ದು ಕರಗಿಸಿರೋ ದ್ರವದಲ್ಲಿ ಏನೋ ಒಂದನ್ನ ನಿಮ್ಮ ರೋಗನಿರೋಧಕ ವ್ಯವಸ್ಥೆ ಶತ್ರು ಅಂತ ತಿಳ್ಕೊಂಡಿದೆ. ಮೊದಮೊದಲು ಅದು ಸುಮ್ಮನಿರುತ್ತೆ, ಗುರುತು ಹಿಡಿಯೋಕೆ ಒಂದೆರಡು ವಾರ ಬೇಕು. ಒಂದು ಸಲ ಗುರುತು ಹಿಡೀತೋ, ಆಮೇಲೆ ಒಂದು ತೊಟ್ಟು ಬಿದ್ರೂ ಯುದ್ಧ. ರಿಪೋರ್ಟಲ್ಲಿ ಆ ಬಿಳಿಕಣ ಜಾಸ್ತಿ ಆಗಿರೋದೂ ಅದಕ್ಕೇ, ಜಂತುಹುಳಕ್ಕಲ್ಲ. ನೀವು ದಿನಕ್ಕೆ ನಾಲ್ಕು ಸಲ ಶತ್ರೂನ ಕರ್ಕೊಂಡು ಬಂದು ಮನೆ ಮುಂದೆ ನಿಲ್ಸಿದೀರಿ."

"ಅದನ್ನ ಸುಮ್ಮನಿರಿಸೋಕೆ ಆಗಲ್ವಾ, ಮೇಡಂ?"

"ಮುಲಾಮು ಕೊಡ್ತೀನಿ, ಅಲ್ಲಷ್ಟೇ ತಣ್ಣಗಾಗುತ್ತೆ. ನಿಮ್ಮ ರೋಗನಿರೋಧಕ ಶಕ್ತಿ ಮೇಲೆ ಕೋಪ ಮಾಡ್ಕೋಬೇಡಿ. ಹದಿನೆಂಟು ವರ್ಷ ಊರಿನ ಕಫ, ರಕ್ತ ಎಲ್ಲಾ ಮುಟ್ಟಿದೀರಿ, ಒಂದು ದಿನ ಜ್ವರ ಅಂತ ರಜೆ ಹಾಕಿಲ್ಲ. ಯಾರು ಕಾಪಾಡಿದ್ದು? ಇದೇ ತಾನೆ? ಪ್ರೀತಿ ಜಾಸ್ತಿ ಆದವರು ಕೆಲವು ಸಲ ಹೀಗೇ ಅತಿ ಮಾಡ್ತಾರೆ."

ಕೊನೆಯ ಮಾತು ಸೂಜಿಯಣ್ಣನಿಗೆ ನಾಟಿತು. ಆದರೂ ತಲೆ ಬೋಳಿಸಬೇಕೆಂದು ಹೇಳಿಬಿಟ್ಟಾರೆಂಬ ದಿಗಿಲು. "ಕೂದಲು ತೆಗೀಬೇಕಾ, ಮೇಡಂ?"

"ತಲೆಗೆ ಬೇಡ, ತೊಳೆದು ಮುಲಾಮು ಹಚ್ಚಿ. ತುಟಿ ಹತ್ರ ಚರ್ಮ ಒಡೆದಿದೆ. ಮೀಸೆ ತೆಗೆದ್ರೆ ವಾಸಿ."

"ಮೀಸೆ ತಾನೇ? ತೆಗೀರಿ, ಈಗಲೇ ತೆಗೀರಿ!" ಅವನಿಗೆ ಹೋದ ಜೀವ ಬಂದಂತಾಯಿತು. ಮೀಸೆಗೆ ಏನು ಬೆಲೆ? ಮೀಸೆ ನೋಡಿ ಯಾರು ಒಪ್ಪಿಕೊಂಡಿದ್ದರು?

ರಕ್ತ ತೆಗೆಯುವ ಕುರ್ಚಿಯಲ್ಲೇ ಕೂರಿಸಿ ಸಿಸ್ಟರ್ ಹೊಸ ಬ್ಲೇಡಿನಿಂದ ಮೀಸೆ ತೆಗೆದರು. ಹುಡುಗಿ ಕನ್ನಡಿ ಹಿಡಿದಳು. ಇಪ್ಪತ್ತು ವರ್ಷ ಬಿಸಿಲು ಕಾಣದ ಜಾಗ ಬೆಳ್ಳಗೆ ಹೊರಬಂತು. "ಹತ್ತು ವರ್ಷ ಚಿಕ್ಕವರಾದ್ರಿ, ಅಣ್ಣಾ" ಎಂದು ಹುಡುಗಿ ಹೇಳಿದಳು, ಹೇಳಿ ಆ ಕಡೆ ತಿರುಗಿ ನಕ್ಕಳು. ಮುಲಾಮು ಹಚ್ಚಿಸಿಕೊಂಡು, ಮತ್ತೆ ಮಾಸ್ಕು, ಟೋಪಿ ಏರಿಸಿ ಅವನು ಕೆಲಸಕ್ಕೆ ನಿಂತ.

ಈ ನಡುವೆ ಮೇಷ್ಟ್ರು ಹೊರಗೆ ನಿಂತು ಫೋನು ಮಾಡಿದ್ದು ಅವನಿಗೆ ಗೊತ್ತಾಗಲಿಲ್ಲ. ಜಂತುಹುಳದಿಂದ ಪಾರುಮಾಡಿದ ಹುಡುಗನಿಗೆ ಏನಾದರೂ ಉಪಕಾರ ಮಾಡಬೇಕಲ್ಲ ಎಂಬ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ನಾಲ್ಕೂವರೆಗೆ ಮನೆಗೆ ಬಂದರೆ ಬಾಗಿಲು ತೆರೆದಿತ್ತು. ಹೆಂಡತಿ ಎರಡು ಗಂಟೆ ಮುಂಚಿನ ಬಸ್ಸಿಗೇ ಬಂದಿದ್ದಳು. ಚೀಲ ಬಿಚ್ಚಿರಲಿಲ್ಲ, ಚಪ್ಪಲಿಯನ್ನೂ ಕಳಚಿರಲಿಲ್ಲ. ಕನ್ನಡಕದ ಹಿಂದೆ ಕಣ್ಣು ಕೆಂಪಾಗಿತ್ತು.

"ಮೇಷ್ಟ್ರು ಎಲ್ಲಾ ಹೇಳಿದ್ರು. ನಿಮ್ಮ ಮೈಯೇ ನಿಮ್ಮ ಮೇಲೆ ತಿರುಗಿ ಬಿದ್ದಿದೆಯಂತೆ. ಇಷ್ಟಾದ್ರೂ ದಿನಾ ಫೋನಲ್ಲಿ 'ಆರಾಮಿದೀನಿ' ಅಂತಿದ್ರಲ್ಲ! ಎಷ್ಟು ದಿನ ಅಂದ್ರು ಡಾಕ್ಟ್ರು? ಸತ್ಯ ಹೇಳಿ."

"ಹತ್ತು ದಿನ."

ಅವಳು ಗೋಡೆ ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದಳು.

"ಅಯ್ಯೋ, ಮುಲಾಮು ಹಚ್ಚೋದು ಕಣೇ, ಹತ್ತು ದಿನ! ಸಾಯೋದಲ್ಲ!" ಅವನೂ ಪಕ್ಕದಲ್ಲಿ ಕುಸಿದು ಕೂತ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಟೋಪಿ ತೆಗೆದ. ಬಾಟಲಿ, ನಾಲ್ಕು ಸಲ, ನಲವತ್ತೊಂದು, ಜಂತುಹುಳ, ಎಲ್ಲವನ್ನೂ ಹೇಳಿದ. ಅವಳು ಅಳುತ್ತಲೇ ಅವನ ನೆತ್ತಿಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು.

"ಇದೆಲ್ಲಾ ಯಾಕ್ರೀ ಮಾಡ್ಕೊಂಡ್ರಿ?"

"ನೀನೇ ಹೇಳಿದ್ದೆಯಲ್ಲ. ಕೂದಲು ನೋಡಿ ಒಪ್ಕೊಂಡೆ ಅಂತ."

"ಯಾವಾಗ?"

"ಹದಿನಾಲ್ಕು ವರ್ಷದ ಹಿಂದೆ. ತರಕಾರಿ ಹೆಚ್ಚುತ್ತಾ."

ಅವಳು ಒಂದು ಕ್ಷಣ ನೆನಪು ಮಾಡಿಕೊಂಡಳು. ಆಮೇಲೆ ಅಳು ನಿಂತು ನಗು ಬಂತು, ನಗು ತಡೆಯಲಾಗದೆ ಮತ್ತೆ ಕಣ್ಣೀರು ಬಂತು. "ನಿಮ್ಮ ಗೆಳೆಯರ ಮನೇಲಿ ಮೊದಲ ಸಲ ಸಿಕ್ಕಿದ್ದೆವಲ್ಲ, ಅವತ್ತು ಚೆನ್ನಾಗಿ ಕಾಣ್ಲಿ ಅಂತ ನಾನು ಕನ್ನಡಕ ತೆಗೆದು ಚೀಲದಲ್ಲಿ ಇಟ್ಕೊಂಡಿದ್ದೆ. ನನಗೆ ಕಂಡಿದ್ದು ಒಂದು ಬಿಳಿ ಅಂಗಿ, ಅದರ ಮೇಲೆ ಒಂದು ಕಪ್ಪು ಉಂಡೆ. ಅಷ್ಟೇ. ಏನು ನೋಡಿದೆ ಅಂತ ಕೇಳಿದ್ರಿ, ಕಂಡಿದ್ದನ್ನ ಹೇಳ್ದೆ. ಅದಕ್ಕೆ ಹದಿನಾಲ್ಕು ವರ್ಷ ಒದ್ದಾಡಿದ್ರಾ? ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

ಸೂಜಿಯಣ್ಣನ ಎದೆಯ ಮೇಲಿಂದ ಬಂಡೆ ಉರುಳಿತು. ಹದಿನಾಲ್ಕು ವರ್ಷದಲ್ಲಿ ಅಷ್ಟು ಹಗುರವಾಗಿ ಅವನು ಉಸಿರು ಬಿಟ್ಟಿರಲಿಲ್ಲ. ನೆತ್ತಿ ಹೋದರೆ ಹೋಗಲಿ, ಹಾಳಾಗಲಿ. ಆದರೆ ಗಂಡಸಿನ ಬುದ್ಧಿ ಪೆಟ್ಟು ತಿಂದರೂ ಕಲಿಯುವುದಿಲ್ಲ. ಅವನು ಮತ್ತೆ ಅದೇ ಪ್ರಶ್ನೆ ಕೇಳಿದ.

"ಹಾಗಾದ್ರೆ ನಿಜವಾಗ್ಲೂ ಏನು ನೋಡಿ ಒಪ್ಕೊಂಡೆ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಈ ಸಲ ತಲೆಯೆತ್ತಿಯೇ ಉತ್ತರ ಕೊಟ್ಟಳು. "ಎರಡನೇ ಸಲ ಸಿಕ್ಕಾಗ ಕನ್ನಡಕ ಹಾಕ್ಕೊಂಡೇ ಬಂದಿದ್ದೆ. ನೀವು ಹೆದರ್ಕೊಂಡು ಏನೋ ಮಾತಾಡ್ತಿದ್ರಿ, ಮಾತು ಒಂದೂ ನೆನಪಿಲ್ಲ. ಆದ್ರೆ ನಿಮ್ಮ ಮೀಸೆಯ ಎಡತುದಿ ಮೆಲ್ಲಗೆ ಅದುರ್ತಾ ಇತ್ತು. ಈ ಮನುಷ್ಯನ ಬಾಯಿ ಏನೇ ಹೇಳಲಿ, ಮೀಸೆ ಸುಳ್ಳು ಹೇಳಲ್ಲ, ಇವನ ಜೊತೆ ಬದುಕಬಹುದು ಅನ್ನಿಸ್ತು. ಇವತ್ತಿಗೂ ಅದನ್ನ ನೋಡೇ ನಿಮಗೆ ಹಸಿವಾ, ಬೇಜಾರಾ ಅಂತ ತಿಳ್ಕೊಳ್ಳೋದು. ಮೂರು ವಾರ ಫೋನಲ್ಲಿ ಬರೀ ದನಿ ಕೇಳಿ ಸಾಕಾಗಿಹೋಗಿದೆ. ತೆಗೀರಿ ಆ ಮಾಸ್ಕು, ಮುಖ ನೋಡ್ಬೇಕು."

ಮಾಸ್ಕಿನ ಹಿಂದೆ ಸೂಜಿಯಣ್ಣ ಬೆವರಿದ.

"ನಾಳೆ ತೆಗೀಲಾ?"

"ಈಗ ತೆಗೀರಿ."

ಅವನು ಒಂದು ಕಿವಿಯಿಂದ ದಾರ ಬಿಡಿಸಿದ, ಇನ್ನೊಂದು ಕಿವಿಯಿಂದಲೂ ಬಿಡಿಸಿದ. ಹೆಂಡತಿ ನೋಡಿದಳು. ಕೆಂಪು ನೆತ್ತಿಯಿಂದ ಊದಿದ ತುಟಿಯವರೆಗೆ, ಅಲ್ಲಿಂದ ಮತ್ತೆ ಮೇಲಕ್ಕೆ, ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ತನ್ನ ಕನ್ನಡಕ ತೆಗೆದು, ಮಡಚಿ, ಮಡಿಲಲ್ಲಿ ಇಟ್ಟುಕೊಂಡು ಅವನ ಕೈ ಹಿಡಿದಳು.

"ಮೀಸೆ ಬರೋವರೆಗೆ ಹೀಗೇ ಇರ್ತೀನಿ, ಬಿಡಿ" ಎಂದು ಕಣ್ಣು ಕಿರಿದು ಮಾಡಿ ಅವನತ್ತ ಬಾಗಿದಳು. "ಆದ್ರೆ ಅವತ್ತು ಆ ಕಪ್ಪು ಉಂಡೆಯಾದ್ರೂ ಕಂಡಿತ್ತು ಕಣ್ರೀ. ಇವತ್ತು ಅದೂ ಇಲ್ಲ."