ಎಡಕ್ಕೆ ತಿರುಗಲು ಒಂದು ಮರ

ನಮ್ಮ ದ್ವೀಪದ ಚರ್ಚಿನಲ್ಲಿ ಗಂಟೆ ಬಾರಿಸುವ ಥಿಯೋಫಿಲಸ್ ಅವರು ಈ ಸಂಗತಿಯನ್ನು ನನಗೆ ಮೊದಲು ಹೇಳಿದರು. ದೇವರ ಮನೆಯ ಕೆಲಸದವರಾದ್ದರಿಂದ ನಾನು ನಂಬಿದೆ.

ಕಾರು ಬಾಡಿಗೆಗೆ ಪಡೆಯುವ ಪ್ರವಾಸಿಗರಿಗೆ ಸಾರಿಗೆ ಕಚೇರಿಯು ಸಲಹೆಗಳ ಕೈಪಿಡಿ ಕೊಡುತ್ತದೆ. ರಸ್ತೆಯ ಎಡಬದಿಯಲ್ಲೇ ಚಲಿಸತಕ್ಕದ್ದು. ಎದುರಾದವರಿಗೆಲ್ಲ ಎರಡು ಸಲ ಹಾರ್ನ್ ಬಾರಿಸಿ ವಂದಿಸತಕ್ಕದ್ದು. ಮಲಗಿದ ಆಡು ಏಳುವವರೆಗೆ ಕಾಯತಕ್ಕದ್ದು. ಚರ್ಚಿಗೆ ಹೋಗುವವರು ದೊಡ್ಡ ಜೀಗುಜ್ಜೆ ಮರದ ಬಳಿ ಎಡಕ್ಕೆ ತಿರುಗತಕ್ಕದ್ದು.

ಆ ಮರ ಮೂರು ವರ್ಷದ ಹಿಂದೆಯೇ ಚಂಡಮಾರುತಕ್ಕೆ ಉರುಳಿತ್ತು. ನಮಗೇನೂ ತೊಂದರೆಯಾಗಲಿಲ್ಲ, ನಾವು ಅದರ ಬಳಿಯೇ ತಿರುಗುತ್ತಿದ್ದೆವು.

ತೊಂದರೆಯಾದದ್ದು ಡೆನ್ಮಾರ್ಕಿನಿಂದ ಬಂದ ಮದುಮಗಳು ಸಿಗ್ನೆಗೆ. ನಮ್ಮೂರ ಲೆನಾಕ್ಸನೊಂದಿಗೆ ಅವಳ ಮದುವೆ ನಾಲ್ಕು ಗಂಟೆಗೆ. ಆರರ ಮೇಲೆ ಆದ ಮದುವೆ ನಮ್ಮ ಕಾನೂನಿನಲ್ಲಿ ಮದುವೆಯಲ್ಲ. ಮರುದಿನವೇ ಅವಳ ವೀಸಾ ಮುಗಿಯುತ್ತಿತ್ತು. ಆಕೆ ಬಾಡಿಗೆ ಕಾರಿನಲ್ಲಿ ದ್ವೀಪವನ್ನು ಮೂರು ಸುತ್ತು ಹಾಕಿ, ಮೀನು ಮಾರುವ ಯೂಲೇಲಿಯನ್ನು ಕೇಳಿದಳು.

"ಮರ ಎಲ್ಲಿದೆ, ಅಮ್ಮಾ?"

"ಬಿದ್ದೋಯ್ತಲ್ಲ ಮಗಳೇ."

"ಮತ್ತೆ ಎಲ್ಲಿ ತಿರುಗ್ಲಿ?"

"ಮರದ ಹತ್ರಾನೇ. ಇನ್ನೆಲ್ಲಿ ತಿರುಗ್ತೀಯ?"

ನಾಲ್ಕನೆಯ ಸುತ್ತಿಗೆ ಯೂಲೇಲಿಯೇ ಕೂಗಿದಳು: "ಅಯ್ಯೋ, ಮತ್ತೆ ಬಂದ್ಯಾ? ನಿನ್ನ ಬಿಳಿ ಗೌನು ಊರೆಲ್ಲ ನೋಡಾಯ್ತು, ಗಂಡೊಬ್ಬನ್ನ ಬಿಟ್ಟು!"

ಐದು ಗಂಟೆಗೆ ಲೆನಾಕ್ಸ್ ತಾನೇ ಓಡಿಬಂದು, ತಿರುವಿನಲ್ಲಿ ಎರಡೂ ಕೈ ಚಾಚಿ ನಿಂತನು. ಐದೂವರೆಗೆ ರಸ್ತೆ ತಪಾಸಣೆಗೆ ಸಾರಿಗೆ ಅಧಿಕಾರಿ ಕತ್‌ಬರ್ಟ್ ಬಂದರು.

"ಎಷ್ಟು ಹೊತ್ತಿಂದ ನಿಂತಿದೀಯಪ್ಪಾ?"

"ಅರ್ಧ ಗಂಟೆ ಆಯ್ತು ಸಾಹೇಬ್ರೇ. ನನ್ನ ಹುಡುಗಿ ದಾರಿ ತಪ್ಪಿದಾಳೆ."

"ಸಂತೋಷ. ಮರ ಬಿದ್ದಿದ್ದು ನಮ್ಮ ಕಡತದಲ್ಲಿಲ್ಲ. ಹಾಗಾಗಿ ಇಲ್ಲಿ ಯಾರು ನಿಂತಿದಾರೋ ಅವರೇ ಮರ. ಕದಲಬೇಡ."

"ನನ್ನ ಮದುವೆ, ಸಾಹೇಬ್ರೇ!"

"ಮರ ಕದಲೋಕೆ ಅರಣ್ಯ ಇಲಾಖೆ ಅನುಮತಿ ಬೇಕು. ಸೋಮವಾರ ಬಂದು ಅರ್ಜಿ ಕೊಡು... ಅಲ್ಲ, ನೀನು ಬರೋ ಹಾಗಿಲ್ಲ."

ಐದನೆಯ ಸುತ್ತಿನಲ್ಲಿ ಸಿಗ್ನೆ ಮರವನ್ನು ಕಂಡಳು. ಎರಡು ಸಲ ಹಾರ್ನ್ ಬಾರಿಸಿ, ಕೈಪಿಡಿಯಂತೆ ಎಡಕ್ಕೆ ತಿರುಗಿ, ಸುಖವಾಗಿ ಚರ್ಚು ತಲುಪಿದಳು. ಅಲ್ಲಿ ವರ ಇರಲಿಲ್ಲ. ಪಾದ್ರಿಗಳು ವಿಷಯ ತಿಳಿದು, "ಮರ ಬರೋದಿಲ್ಲ ತಾಯಿ, ನಾವೇ ಹೋಗೋಣ" ಎಂದರು. ಆರಕ್ಕೆ ಐದು ನಿಮಿಷವಿರುವಾಗ, ಭಗವಂತನ ದಯೆಯಿಂದ, ಅವಳು ಮರದ ಎಡಗಡೆಯ ಕೊಂಬೆಗೆ ಉಂಗುರ ತೊಡಿಸಿದಳು.

ಅಂದಿನಿಂದ ಪ್ರವಾಸಿಗರು ಯಾರೂ ದಾರಿ ತಪ್ಪಿಲ್ಲ. ಹೋದ ವರ್ಷ ದಂಪತಿಗೆ ಹೆಣ್ಣು ಮಗುವಾಯಿತು. "ಮರ ಫಲ ಕೊಟ್ಟಿದೆ, ಕಡಿಯುವ ಪ್ರಸ್ತಾಪವಿಲ್ಲ" ಎಂದು ಕತ್‌ಬರ್ಟ್ ದಾಖಲಿಸಿದರು. ಲೆನಾಕ್ಸನೂ ಒಪ್ಪಿದನು, ಅವನ ತಕರಾರು ಹಕ್ಕಿಗಳದ್ದು ಮಾತ್ರ.

ನಮ್ಮ ಕಡೆ ಬರುವವರು ಸಿಕ್ಕರೆ ದಯವಿಟ್ಟು ಈ ಸಂಗತಿ ತಿಳಿಸಿ. ಅವನ ನೆರಳಲ್ಲಿ ಕಾರು ನಿಲ್ಲಿಸಬಾರದೆಂದೂ ಹೇಳಿ. ಮಧ್ಯಾಹ್ನ ಅಲ್ಲಿ ಅವನ ಹೆಂಡತಿ, ಮಗು ಊಟಕ್ಕೆ ಕೂರುತ್ತಾರೆ.