ಹಿಂದಿನ ಸೀಟಿಗೆ ಎರಡರಷ್ಟು

ಸುಯ್... ಸುಯ್... ಬೆಳಿಗ್ಗೆ ಗೇಟಿನ ಬಳಿ ಟೈರಿಗೆ ಗಾಳಿ ಹೊಡೆಯುವ ಸದ್ದು ಕೇಳಿದರೆ ಸಾಕು, ಮುದ್ರಣಾಲಯದಲ್ಲಿ ಕರಡು ತಿದ್ದುವ ಆ ಮಹಾಶಯರ ಎದೆಯ ಗಾಳಿ ಅಷ್ಟಷ್ಟೇ ಇಳಿಯುತ್ತಿತ್ತು. ಗಾಳಿ ಹೊಡೆಯುತ್ತಿದ್ದವಳು ಅವರ ಧರ್ಮಪತ್ನಿ. ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಪರೀಕ್ಷಿಸುವುದು ಆಕೆಯ ಕೆಲಸ. ಸೈಕಲ್ ತುಳಿದು ಬರುವವರಿಗೆ ಭತ್ಯೆ ಕೊಡುತ್ತೇವೆಂದು ಕಾರ್ಖಾನೆ ಸಾರಿದ್ದೇ ತಡ, ಆಕೆ ಗಂಡನ ಸ್ಕೂಟರಿನ ಹಿಂದಿನ ಸೀಟನ್ನು ಪರಿತ್ಯಜಿಸಿದ್ದಳು.

ಹೋದರೆ ಹೋಗಲಿ, ಪೆಟ್ರೋಲಾದರೂ ಉಳಿಯಿತೆಂದು ಅವರು ಮೊದಮೊದಲು ಸಮಾಧಾನಪಟ್ಟುಕೊಂಡರು. ಆಮೇಲೆ ಏನೋ ಕಳೆದುಹೋದಂತೆ ಅನ್ನಿಸತೊಡಗಿತು. ಮನೆಯಲ್ಲಿ ಆಕೆಗೆ ಒಲೆ, ಇವರಿಗೆ ಕರಡು. ಇಬ್ಬರ ಮಾತುಕತೆಯೆಲ್ಲ ನಡೆಯುತ್ತಿದ್ದದ್ದು ಸ್ಕೂಟರಿನ ಮೇಲೆಯೇ. ಆಕೆ ಇವರ ಬೆನ್ನಿಗೆ ಹೇಳುತ್ತಿದ್ದಳು, ಇವರು ಹೆಲ್ಮೆಟ್ಟಿನೊಳಗಿಂದ ಹೂಂಗುಡುತ್ತಿದ್ದರು. (ಅರ್ಧ ಮಾತು ಗಾಳಿಗೆ ಹಾರಿಹೋಗುತ್ತಿತ್ತು. ಉಳಿದರ್ಧಕ್ಕೂ ಅದೇ ಹೂಂ.) ಈಗ ಒಬ್ಬರೇ ಹೋಗುವಾಗಲೂ ಬಾಯಿ ತನ್ನಷ್ಟಕ್ಕೆ ಹೂಂ ಎನ್ನುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಿದ್ದ ಬೈಕಿನವನೊಬ್ಬ, ತನ್ನನ್ನೇನಾದರೂ ಕರೆದಿರಾ ಎಂದು ವಿಚಾರಿಸಿದ.

ತನ್ನನ್ನು ಒಂದು ಮಾತು ಕೇಳದೆ ಹೀಗೆ ಮಾಡಬಹುದೇ ಎಂದು ಅವರು ತಕರಾರು ತೆಗೆದರು. ಸ್ಕೂಟರಿನಲ್ಲಿ ಸೇತುವೆ ದಾಟುವಾಗ ಕೇಳಿದ್ದೆ, ಹೂಂ ಅಂದಿರಿ, ಆಮೇಲೆಯೇ ಸೈಕಲ್ ಕೊಂಡದ್ದು ಎಂದಳು ಆಕೆ. ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಮನುಷ್ಯ ಕರಡಿನ ಕಟ್ಟು ಬಿಚ್ಚಿಕೊಂಡು ಕೂತರು.

ಹಾಗೆಯೇ ತಿಂಗಳುಗಳು ಉರುಳಿದವು. ದುಡ್ಡು ಸೆಳೆದೊಯ್ದವಳನ್ನು ದುಡ್ಡಿನಿಂದಲೇ ಮರಳಿ ತರುವುದೆಂದು ನಿಶ್ಚಯಿಸಿ, ಒಂದು ಬೆಳಿಗ್ಗೆ ಸ್ಕೂಟರಿನ ಸೀಟು ಒರೆಸಿ ಗೇಟಿಗೆ ಅಡ್ಡ ನಿಲ್ಲಿಸಿದರು.

“ಕಾರ್ಖಾನೆಯೋರು ಕೊಡೋದರ ಎರಡರಷ್ಟು ನಾನು ಕೊಡ್ತೀನಿ. ಹತ್ತು.”

“ಹತ್ತೇನಾ?”

“ಸ್ಕೂಟರ್ ಹತ್ತು ಅಂದೆ ಕಣೇ. ನಿನ್ನ ಸೈಕಲ್ ಭತ್ಯೆಯ ಎರಡರಷ್ಟು.”

ಆಕೆ ಪಂಪನ್ನು ಗೋಡೆಗೆ ಒರಗಿಸಿದಳು. “ಅದು ಯಾವತ್ತೋ ನಿಂತುಹೋಯ್ತಲ್ರೀ. ಕೊಡ್ತಿದ್ದಾಗ ಎಲ್ರೂ ಸೈಕಲ್ ಏರಿದ್ರು. ನಿಲ್ಲಿಸಿದ ಮಾರನೇ ದಿನ ಎಲ್ರೂ ಇಳಿದ್ರು. ಸ್ಟ್ಯಾಂಡಿನಲ್ಲಿ ಈಗ ನಂದೊಂದೇ.”

ಸೊನ್ನೆಯ ಎರಡರಷ್ಟನ್ನು ಜೇಬಿನಲ್ಲಿಟ್ಟುಕೊಂಡು ಅವರು ನಿಂತಲ್ಲೇ ನಿಂತರು.

“ಮತ್ಯಾಕೆ ತುಳೀತೀಯ?”

ಹೇಳಲೋ ಬೇಡವೋ ಎಂಬಂತೆ ಆಕೆ ಹೆಬ್ಬೆರಳಿನಿಂದ ಟೈರನ್ನು ಒತ್ತಿ ನೋಡಿದಳು.

“ಕೆರೆ ಹತ್ರ ಇಳಿಜಾರು ಬರುತ್ತಲ್ಲ, ಅಲ್ಲಿ ತುಳಿಯೋದೇ ಬೇಡ. ತಾನಾಗೇ ಹೋಗುತ್ತೆ. ಎದುರಿಗೆ ಯಾರ ಬೆನ್ನೂ ಇಲ್ಲ, ರೀ. ರಸ್ತೆ ಕಾಣುತ್ತೆ.”

ಅವರು ಸ್ಕೂಟರನ್ನು ಪಕ್ಕಕ್ಕೆ ಸರಿಸಿದರು. ಆಕೆ ಸೈಕಲ್ ತಳ್ಳಿಕೊಂಡು ಹೊರಟಳು. ಮನೆಯ ಚಪ್ಪಲಿಯಲ್ಲೇ ಅವರೂ ಹಿಂದೆ ಹೆಜ್ಜೆ ಹಾಕಿದರು. ಆಕೆಯ ಒಂದು ಕಾಲು ಆಗಲೇ ಪೆಡಲಿನ ಮೇಲಿತ್ತು.

“ಇಳಿಜಾರಿನ ತನಕ ನಡ್ಕೊಂಡು ಬರ್ತೀನಿ. ಮಾತಾಡಲ್ಲ. ಸುಮ್ನೆ ಪಕ್ಕದಲ್ಲಿ, ನೀನು ಸ್ವಲ್ಪ ನಿಧಾನ ತುಳಿದ್ರೆ, ನಾನು ಕೇಳಿಸ್ಕೊಂಡು ಬರ್ತೀನಿ.”