ಕಂಪ್ಯೂಟರಿಗೆ ಬಡಿಸಿದ ಒತ್ತು ಶ್ಯಾವಿಗೆ

ನಾನು ಸ್ವಭಾವತಃ ಸುಳ್ಳುಗಾರನಲ್ಲ. ವಯಸ್ಸು ಕೇಳಿದರೆ ಸರಿಯಾಗಿ ಹೇಳುತ್ತೇನೆ. ತಲೆಗೆ ಬಣ್ಣ ಹಚ್ಚುವುದನ್ನೂ ಒಪ್ಪಿಕೊಂಡಿದ್ದೇನೆ. ಆದರೆ "ಏನು ತಿಂದೆ?" ಎಂದು ಯಾರಾದರೂ ಕೇಳಿದರೆ ಮಾತ್ರ ನನ್ನ ನಾಲಗೆ ತಾನಾಗಿ ಜಾರುತ್ತದೆ. ಚಿಕ್ಕವನಿದ್ದಾಗ ಗಲ್ಲದ ಮೇಲೆ ಸಕ್ಕರೆ ಅಂಟಿಸಿಕೊಂಡು "ಏನೂ ಇಲ್ಲಮ್ಮ" ಎನ್ನುತ್ತಿದ್ದೆ. ಈಗ ಡಾಕ್ಟರ ಎದುರು ಕುಳಿತು "ಸೊಪ್ಪು, ತರಕಾರಿ, ಹೆಚ್ಚಾಗಿ ಮನೆ ಊಟ" ಎನ್ನುತ್ತೇನೆ. ಡಾಕ್ಟರೂ ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಅವರು ಮಧ್ಯಾಹ್ನಕ್ಕೆ ಏನು ತಿಂದರೋ ನಾನೂ ಕೇಳುವುದಿಲ್ಲ. ಹೀಗೆ ಪರಸ್ಪರ ಗೌರವದಿಂದ ಬದುಕು ಸಾಗುತ್ತಿತ್ತು, ರೆಹಾನಾ ಬರುವವರೆಗೆ.

ರೆಹಾನಾ ಧಾರವಾಡದ ಹುಡುಗಿ. ಹ್ಯೂಸ್ಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಆಹಾರ ಮತ್ತು ಆರೋಗ್ಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. ಅದೇ ಹ್ಯೂಸ್ಟನ್ನಿಗೆ ಅಂಟಿಕೊಂಡ ಮಿಸೌರಿ ಸಿಟಿಯ ನಮ್ಮ ಮನೆಯ ಹತ್ತಿರದ ದೇವಸ್ಥಾನದಲ್ಲಿ, ಪ್ರಸಾದದ ಸಾಲಿನ ಪಕ್ಕದಲ್ಲೇ ಒಂದು ಮೇಜು ಹಾಕಿಕೊಂಡು, ನಮ್ಮ ಕಡೆಯ ಜನ ಇಲ್ಲಿ ಏನು ತಿನ್ನುತ್ತಾರೆ, ಅದರಿಂದ ಅವರ ಮೈಗೆ ಏನಾಗುತ್ತದೆ ಎಂಬ ಅಧ್ಯಯನಕ್ಕೆ ಜನ ಸೇರಿಸುತ್ತಿದ್ದಳು. ಸೇರಿದವರಿಗೆ ಒಂದು ಟೀ ಶರ್ಟು ಕೊಡುತ್ತಿದ್ದರು. ನಾನು ವಿಜ್ಞಾನದ ಮೇಲಿನ ಗೌರವದಿಂದ ಸೇರಿದೆ ಎಂದು ಹೇಳಬೇಕೆಂದಿದ್ದೆ. ಆದರೆ ಈ ಪ್ರಬಂಧದಲ್ಲಾದರೂ ನಿಜ ಹೇಳೋಣ, ಟೀ ಶರ್ಟು ಚೆನ್ನಾಗಿತ್ತು.

ಕ್ರಮ ಸರಳ. ಮೂರು ಸಲ, ಮೊದಲೇ ತಿಳಿಸದೆ, ಅವಳು ಫೋನ್ ಮಾಡುತ್ತಾಳೆ. ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗೆ ತಿಂದದ್ದು ಕುಡಿದದ್ದನ್ನೆಲ್ಲ ನಾನು ಹೇಳಬೇಕು. ಅವಳ ಕಂಪ್ಯೂಟರಿನಲ್ಲಿ ಆಹಾರಗಳ ದೊಡ್ಡ ಪಟ್ಟಿಯಿದೆ. ಹೆಸರು ಮತ್ತು ಪ್ರಮಾಣ ಕೊಟ್ಟರೆ ಅದರಲ್ಲಿ ಎಷ್ಟು ಪ್ರೋಟೀನ್, ಎಷ್ಟು ಕೊಬ್ಬು, ಎಷ್ಟು ನಾರು, ಎಷ್ಟು ಉಪ್ಪು ಎಂದು ಅದು ಬಿಡಿಸಿ ಇಡುತ್ತದೆ. ನಮ್ಮ ಹುಳಿ, ಗೊಜ್ಜುಗಳು ಆ ಪಟ್ಟಿಯಲ್ಲಿ ಇಲ್ಲದ್ದರಿಂದ ಬೇಳೆ ಎಷ್ಟು, ಕಾಯಿ ಎಷ್ಟು, ಎಣ್ಣೆ ಎಷ್ಟು ಎಂದು ಕೇಳಿ ಕೇಳಿ ಒಂದೊಂದೇ ಸೇರಿಸಬೇಕು.

ಮೊದಲ ಫೋನ್ ಬಂದಾಗ ನಾನು ಹ್ಯೂಸ್ಟನ್ನಿನಲ್ಲಿ ಭಾರತೀಯರ ಅಂಗಡಿಗಳೇ ತುಂಬಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನಲ್ಲಿ ಒಂದು ಅಂಗಡಿಯ ಎದುರು ಕಾರಿನಲ್ಲಿ ಕುಳಿತು ಕಚೋರಿ ತಿನ್ನುತ್ತಿದ್ದೆ.

"ಅಂಕಲ್, ನಿನ್ನೆ ಮುಂಜಾನೆ ಎದ್ದಿಂದ ಏನೇನ್ ತಿಂದೀರಿ, ಹೇಳ್ರಿ. ಖರೇ ಹೇಳ್ಬೇಕ್ರಿ ಮತ್ತ," ಎಂದಳು.

ನೆನಪಿಸಿಕೊಂಡೆ. ಹಿಂದಿನ ಬೆಳಿಗ್ಗೆ ಆಫೀಸಿಗೆ ಡ್ರೈವ್ ಮಾಡುತ್ತ ಚಿಕ್ಕಿಯಂಥ ಒಂದು ಗ್ರಾನೋಲಾ ಬಾರ್ ಕಚ್ಚಿದ್ದೆ. ಆಮೇಲೆ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು. ಮಧ್ಯಾಹ್ನ ದುಡ್ಡು ಹಾಕಿದರೆ ತಿಂಡಿ ಉದುರಿಸುವ ಮೆಷಿನ್ನಿನಿಂದ ಬಿದ್ದ ಚಿಪ್ಸು. ಸಂಜೆ ಮಗಳು ಬಿಟ್ಟ ಪಿಜ್ಜಾದ ಅಂಚುಗಳು, ಅದರ ಮೇಲೆ ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ಫ್ರೋಜನ್ ಪರೋಟ, ಉಪ್ಪಿನಕಾಯಿ. ಇದನ್ನು ಧಾರವಾಡದ ಹುಡುಗಿಗೆ, ಕನ್ನಡದಲ್ಲಿ, ಹೇಗೆ ಹೇಳುವುದು? ಇಂಗ್ಲಿಷಿನಲ್ಲಿ ಕೇಳಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ. ಕನ್ನಡದಲ್ಲಿ "ಮುಂಜಾನೆ ಏನ್ ತಿಂದ್ರಿ" ಎಂದು ಯಾರೋ ಅಕ್ಕರೆಯಿಂದ ಕೇಳಿ ಎಷ್ಟೋ ವರ್ಷವಾಗಿತ್ತು. ಬಾಯಿಂದ ತಾನಾಗಿ ಬಂತು: "ಉಪ್ಪಿಟ್ಟು."

ಒಂದು ಸುಳ್ಳು ಹೇಳಿದ ಮೇಲೆ ನಿಲ್ಲಿಸುವುದು ಕಷ್ಟ. "ರವೆ ಹುರಿದಿದ್ರೇನ್ರಿ? ಎಣ್ಣಿಯೋ ತುಪ್ಪಾನೋ?" ಎಂದು ಅವಳು ಕೇಳಿದಳು. ನನಗೆ ಮೈಸೂರಿನ ನಮ್ಮ ವಠಾರದ ಅಡುಗೆಮನೆ ಕಣ್ಣಿಗೆ ಕಟ್ಟಿತು. ಅಮ್ಮ ಸಣ್ಣ ಉರಿಯಲ್ಲಿ ರವೆ ಹುರಿಯುತ್ತಿದ್ದ ವಾಸನೆ ಮೂರು ಮನೆಯಾಚೆಗೂ ಹೋಗುತ್ತಿತ್ತು. ಕುದಿಯುವ ನೀರಿಗೆ ಎಡಗೈಯಲ್ಲಿ ರವೆಯನ್ನು ಮಳೆಯಂತೆ ಉದುರಿಸುತ್ತ ಬಲಗೈಯಲ್ಲಿ ತಿರುವುತ್ತಿದ್ದಳು. ಒಂದು ಗಂಟೂ ಇರುತ್ತಿರಲಿಲ್ಲ. ಇಳಿಸುವ ಮುಂಚೆ ನಿಂಬೆಹಣ್ಣು, ಒಂದು ಹಿಡಿ ಕಾಯಿತುರಿ. ಇದನ್ನೆಲ್ಲ ಹೇಳಿದೆ. ಮಧ್ಯಾಹ್ನಕ್ಕೆ ನಮ್ಮ ಮೈಸೂರಿನ ಈರನಗೆರೆ ಬದನೆಕಾಯಿ ಹುಳಿ ಎಂದೆ, ಹೆಸರುಬೇಳೆ ಕೋಸಂಬರಿ ಎಂದೆ, ಕೊನೆಗೆ ಮಜ್ಜಿಗೆಯನ್ನೂ ಕುಡಿದೆ. ಆ ಕಡೆ ಕೀಲಿಮಣೆಯ ಸದ್ದು ನಿಂತಿತು. "ಅಂಕಲ್, ನಿಮ್ಮನಿಯಾಗ ದಿನಾ ಹಿಂಗ ಉಣ್ತೀರೇನ್ರಿ? ನಾನು ಹಾಸ್ಟೆಲ್ಲಿನ್ಯಾಗ ಬ್ರೆಡ್ ತಿನ್ನಾಕತ್ತೀನ್ರಿ," ಎಂದಳು. ಪಕ್ಕದ ಸೀಟಿನಲ್ಲಿ ಕಚೋರಿ ಆರುತ್ತಿತ್ತು. ಸತ್ಯಕ್ಕಾಗಿ ಬದುಕಿದವರ ಹೆಸರಿನ ಬೀದಿಯಲ್ಲಿ ಕುಳಿತು ನಾನು ಮಾಡಿದ ಕೆಲಸ ಇದು.

ಪ್ರಮಾಣದ ವಿಷಯ ಬಂದಾಗ ಇನ್ನೊಂದು ಪೇಚು. ಎರಡನೆಯ ಫೋನಿನಲ್ಲಿ ಅವಳೇ ಕೇಳಿದಳು: "ಒಂದ್ ಮಾತ್ ಕೇಳ್ತೀನ್ರಿ ಅಂಕಲ್. ನಿಮ್ಮ ಮೈಸೂರು ಕಡಿಯವ್ರೆಲ್ಲಾ ಎರಡ ಇಡ್ಲಿ, ಎರಡ ದ್ವಾಸಿ, ಎರಡ ಚಪಾತಿ ಅಂತ ಹೇಳ್ತಾರ. ಒಬ್ರೂ ಮೂರು ತಿನ್ನಂಗಿಲ್ಲೇನ್ರಿ? ನಮ್ಮ ಗೈಡ್ ಮೇಡಂ ಕೇಳಾಕತ್ತಾರ, ಇದೇನು ಸ್ಕ್ರೀನ್ ಕೆಟ್ಟೈತೇನು ಅಂತ." ನಾನು ವಿವರಿಸಿದೆ. ನಮ್ಮಲ್ಲಿ ಒಂದು ಬಡಿಸಬಾರದು, ಮೂರು ಬಡಿಸಬಾರದು. ಇನ್ನು ನಾಲ್ಕು ಎಂದು ಬಾಯಿಬಿಟ್ಟು ಹೇಳಲು ನಾಚಿಕೆ. ಉಳಿಯುವುದು ಎರಡೇ. ಜೊತೆಗೆ ತಿನ್ನುವವರ ತಟ್ಟೆ ನೋಡಿ ಎಣಿಸುವುದು ಮಹಾಪರಾಧ. ಚಿಕ್ಕಂದಿನಲ್ಲಿ ಒಮ್ಮೆ ನನ್ನ ಚಿಕ್ಕಪ್ಪ ಊಟಕ್ಕೆ ಕುಳಿತಾಗ ನಾನು ಜೋರಾಗಿ ದೋಸೆ ಎಣಿಸಿ ಹನ್ನೊಂದಕ್ಕೆ ತಲುಪಿದ್ದೆ. ಆ ಸಂಜೆ ಅವರಿಗೆ ಹೊಟ್ಟೆನೋವು ಬಂತು. ಹನ್ನೊಂದು ದೋಸೆಯಿಂದ ಬಂತೆಂದು ಯಾರೂ ಹೇಳಲಿಲ್ಲ, ನನ್ನ ದೃಷ್ಟಿಯಿಂದ ಬಂತೆಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅಂದಿನಿಂದ ನಾನು ತಿನ್ನುವುದನ್ನು ಎಣಿಸಿಲ್ಲ. ಮಳೆನೀರು ಯಾವ ಚರಂಡಿಯಲ್ಲಿ ಎಷ್ಟು ಹರಿಯಬೇಕೆಂದು ಅಂಗುಲ ಅಂಗುಲ ಲೆಕ್ಕ ಹಾಕುವ ಎಂಜಿನಿಯರು ನಾನು. ನನ್ನ ಗಂಟಲಲ್ಲಿ ಎಷ್ಟು ಹರಿಯುತ್ತದೆಂದು ಮಾತ್ರ ಗೊತ್ತಿಲ್ಲ.

ಆ ಎರಡನೆಯ ಫೋನ್ ಗುರುವಾರ ಬಂದದ್ದು. ಬುಧವಾರದ ಊಟ ಹೇಳಬೇಕಿತ್ತು. ನಾನು ಒತ್ತು ಶ್ಯಾವಿಗೆ ಎಂದುಬಿಟ್ಟೆ. ಆ ಪದ ಹೇಳುತ್ತಲೇ ಮನಸ್ಸು ಎಲ್ಲಿಗೋ ಹೋಯಿತು. ನಮ್ಮನೆಯ ಶ್ಯಾವಿಗೆ ಒರಳು ಮೂರು ಕಾಲಿನದು. ಬೆಂದ ಹಿಟ್ಟಿನ ಉಂಡೆಯನ್ನು ಬಿಸಿಬಿಸಿಯಾಗಿ ಅದರೊಳಗೆ ಹಾಕಿ ಮೇಲಿನ ಸನ್ನೆಕೋಲು ಅದುಮಬೇಕು. ಅಪ್ಪನ ಬಲ ಸಾಲದೆ ನಾನೂ ತಂಗಿಯೂ ಸನ್ನೆಗೆ ಜೋತುಬೀಳುತ್ತಿದ್ದೆವು. ಕೆಳಗೆ ತಟ್ಟೆ ಹಿಡಿದ ಅಮ್ಮ "ನಿಧಾನ, ನಿಧಾನ" ಎನ್ನುತ್ತಿದ್ದಳು. ಕಾಯಿಹಾಲು, ನಿಂಬೆಹಣ್ಣಿನ ಒಗ್ಗರಣೆ, ಎರಡು ಬಗೆ. ರೆಹಾನಾ ಮೆಲ್ಲಗೆ "ಮತ್ತೇನ್ ತಿಂದ್ರಿ?" ಎಂದಳು. ನಾನು ಬಡಿಸುತ್ತಲೇ ಹೋದೆ.

ಆ ಅಧ್ಯಯನದಲ್ಲಿ ಅಡುಗೆ ಮಾಡಿದವರನ್ನೂ ವಿಚಾರಿಸುವ ನಿಯಮವಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ನನ್ನ ಹೆಂಡತಿ ಜಯಂತಿ ಆಸ್ಟಿನ್ನಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವಳ ಉದ್ಯೋಗ, ಬಿಡುವಿನಲ್ಲಿ ನಾನಿದ್ದೇನೆ. ಶನಿವಾರ ನಾನು ಹುಲ್ಲು ಕತ್ತರಿಸಿ ಒಳಗೆ ಬಂದಾಗ ಅವಳು ಸೋಫಾದಲ್ಲಿ ಕೈಕಟ್ಟಿ ಕುಳಿತಿದ್ದಳು.

"ಯಾರ್ರೀ ಅವಳು?" ಎಂದಳು.

"ಯಾರು?"

"ಅದೇ, ಬೆಳಿಗ್ಗೆ ಎದ್ದು ಕಾಯಿ ತುರಿದು, ಬುಧವಾರದ ದಿನ ನಿಮಗೆ ಒತ್ತು ಶ್ಯಾವಿಗೆ ಮಾಡಿಕೊಡೋಳು. ಆ ಹುಡುಗಿ ಫೋನ್ ಮಾಡಿದ್ಲು. ಆಂಟಿ, ಶ್ಯಾವಿಗೆಗೆ ಎಷ್ಟು ತೆಂಗಿನಕಾಯಿ ಹಾಕ್ತೀರಿ ಅಂತ. ಈ ಮನೇಲಿ ಒರಳು ಎಲ್ಲಿದೆ, ನನಗೂ ತೋರಿಸಿ."

ನಾನು ಹೆದರಿ "ನೀನೇನು ಹೇಳಿದೆ?" ಎಂದೆ.

ಜಯಂತಿ ಕಿಟಕಿಯ ಕಡೆ ನೋಡಿದಳು. "ಎರಡು ಬಟ್ಟಲು ಕಾಯಿ ಅಂದೆ. ಇನ್ನೇನು ಹೇಳ್ಲಿ? ನಮ್ಮನೇಲಿ ಫ್ರೋಜನ್ ಪರೋಟ ಅನ್ಲಾ? ನಮ್ಮಮ್ಮ ಹಾಕೋ ಅಳತೆ ಹೇಳಿದೆ."

ಹೀಗೆ ನನ್ನ ಅಮ್ಮ ಮಾಡಿದ ಶ್ಯಾವಿಗೆ ಅವಳ ಅಮ್ಮನ ಅಳತೆಯಲ್ಲಿ ವಿಜ್ಞಾನದ ಪಟ್ಟಿಗೆ ಸೇರಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಇಷ್ಟು ಒಗ್ಗಟ್ಟಾಗಿ ಮಾಡಿದ ಕೆಲಸ ಬೇರೊಂದಿಲ್ಲ. ಆ ಧೈರ್ಯದಲ್ಲಿ ಮೂರನೆಯ ಫೋನಿನಲ್ಲಿ ಅಪ್ಪ ಶನಿವಾರ ಒಂದೇ ಹೊತ್ತು ಉಣ್ಣುತ್ತಿದ್ದ ಒಪ್ಪತ್ತನ್ನೂ ನನ್ನದಾಗಿಸಿಕೊಂಡೆ.

ಆದರೆ ವಿಜ್ಞಾನಿಗಳು ನಮ್ಮಂಥವರನ್ನು ಬಹಳ ನೋಡಿದ್ದಾರೆ. ಕೊನೆಗೆ ಒಂದು ದೊಡ್ಡ ಕಿತ್ತಳೆ ಬಣ್ಣದ ಜಾಡಿ ಬಂತು. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಅದರಲ್ಲಿ ಹಿಡಿದು, ತಣ್ಣಗೆ ಇಟ್ಟು, ಒಪ್ಪಿಸಬೇಕು. ತಿಂದ ಉಪ್ಪು ಎಷ್ಟೆಂದು ಅದರಿಂದಲೇ ಲೆಕ್ಕ ಸಿಗುತ್ತದಂತೆ. "ಫ್ರಿಜ್ಜಲ್ಲಿ ಹಾಲಿನ ಪಕ್ಕ ಇಟ್ಟರೆ ನಾನು ಈ ಮನೇಲಿರಲ್ಲ," ಎಂದಳು ಜಯಂತಿ. ಪಿಕ್ನಿಕ್ಕಿಗೆ ಒಯ್ಯುವ ಐಸ್ ಪೆಟ್ಟಿಗೆಯಲ್ಲಿಟ್ಟು ಗರಾಜಿನಲ್ಲಿ ಇರಿಸಿದೆ. ಆ ಪೆಟ್ಟಿಗೆ ಮತ್ತೆ ಒಳಗೆ ಬಂದಿಲ್ಲ, ನಾವು ಮತ್ತೆ ಪಿಕ್ನಿಕ್ಕಿಗೆ ಹೋಗಿಲ್ಲ.

ಎರಡು ವಾರದ ಮೇಲೆ ಒಂದು ಭಾನುವಾರ ರೆಹಾನಾ ಮನೆಗೇ ಬಂದಳು. ಯಾವಾಗಲೂ ನಗುವ ಹುಡುಗಿ ಅಂದು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸೋಫಾದ ಅಂಚಿನಲ್ಲಿ ಕುಳಿತಳು. ಜಯಂತಿ ಕಾಫಿ ಕೊಟ್ಟ ಮೇಲೆ ಬಾಯಿಬಿಟ್ಟಳು.

"ಅಂಕಲ್, ನಿಮ್ಮ ಊಟದಾಗ ಇರೋ ಉಪ್ಪಿಗೂ ಜಾಡಿಯಾಗ ಬಂದ ಉಪ್ಪಿಗೂ ತಾಳೆನ ಆಗವಲ್ದ್ರಿ. ಭಾಳ ಹೆಚ್ಚು ಬಂದೈತಿ. ನಿಮ್ಮದಷ್ಟ ಅಲ್ರಿ, ಕನ್ನಡದವ್ರು ಭಾಳ ಮಂದಿದು ಹಿಂಗ ಆಗೈತಿ. ಮೇಡಂ ಅಂತಾರ, ನಿನಗ ಕೇಳಾಕ ಬರಂಗಿಲ್ಲ, ನೀ ಕನ್ನಡದಾಗ ಕೇಳಿದ್ದೆಲ್ಲಾ ತಗದ್ಹಾಕೋಣ, ಇದೇ ಸ್ಟಡಿ ಮಾಡೋ ಡಾಲಸ್ ತಂಡದವ್ರು ಇಂಗ್ಲಿಷಿನಾಗ ಕೇಳಿದ್ದು ಸಾಕು ಅಂತ. ಹಂಗಾದ್ರ ನಾ ಎರಡು ವರ್ಷ ಮಾಡಿದ್ದೆಲ್ಲಾ ನೀರಾಗ ಹೋದಂಗ್ರಿ. ನಾ ಎಲ್ಲಿ ತಪ್ಪು ಕೇಳಿದೆ ಹೇಳ್ರಿ, ತಿದ್ಕೋತೀನಿ."

ನನ್ನ ಕಿವಿ ಬಿಸಿಯಾಯಿತು. ನನ್ನ ಸುಳ್ಳಿಗೆ ಈ ಹುಡುಗಿ ತನ್ನ ತಪ್ಪು ಹುಡುಕುತ್ತಿದ್ದಾಳೆ. ಜಯಂತಿ ನನ್ನನ್ನು ನೋಡಿದಳು. ತಾನು ಹೇಳಿದ ಎರಡು ಬಟ್ಟಲು ಕಾಯಿಯೂ ಅವಳಿಗೆ ನೆನಪಾಗಿರಬೇಕು. ಮಗಳು ನಿಧಿ ಮೆಟ್ಟಿಲ ಮೇಲಿಂದ "ಅಪ್ಪಾ, ಜಸ್ಟ್ ಟೆಲ್ ಹರ್" ಎಂದಳು. ಹೇಳಿದೆ. ಗ್ರಾನೋಲಾ ಬಾರಿನಿಂದ ಹಿಡಿದು ಪಿಜ್ಜಾದ ಅಂಚಿನವರೆಗೆ ಎಲ್ಲವನ್ನೂ ಹೇಳಿದೆ. ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ನಮ್ಮಲ್ಲಿ ತಿಂದದ್ದು ಎನ್ನುವುದಿಲ್ಲ, ದಂಡವಾಗದಂತೆ ನೋಡಿಕೊಂಡದ್ದು ಎನ್ನುತ್ತೇವೆ, ಅದನ್ನೂ ಬರೆದುಕೋ ಎಂದೆ.

"ಹಂಗಾದ್ರ ಆ ಶ್ಯಾವಿಗಿ?"

"ಅದು ನಲವತ್ತು ವರ್ಷದ ಹಿಂದಿನ ಬುಧವಾರದ್ದಮ್ಮ," ಎಂದೆ.

ರೆಹಾನಾ ಬೈಯುತ್ತಾಳೆಂದುಕೊಂಡೆ. ಅವಳು ಚೀಲವನ್ನು ಬದಿಗಿಟ್ಟು, "ನಿಮ್ಮ ಅವ್ವಾರು ಈಗೂ ಮಾಡ್ತಾರೇನ್ರಿ?" ಎಂದಳು. ಅಮ್ಮ ಮೈಸೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಾಳೆ, ಆರಾಮವಾಗಿದ್ದಾಳೆ. ಹಿಂದಿನ ವಾರವೇ ಫೋನಿನಲ್ಲಿ ಶ್ಯಾವಿಗೆಯ ಮಾತೆತ್ತಿದ್ದೆ. "ಅಯ್ಯೋ, ಅದೆಲ್ಲ ಯಾರು ಮಾಡ್ತಾರೋ! ಒರಳು ಯಾರಿಗೋ ಕೊಟ್ಟಾಯ್ತು. ನಾನು ಬೆಳಿಗ್ಗೆ ಓಟ್ಸ್ ಕುಡಿಯೋದು. ನಾರು ಇರುತ್ತಂತೆ," ಎಂದು ಬಲು ಉತ್ಸಾಹದಿಂದ ಹೇಳಿದ್ದಳು. ಆಗ ನನಗೆ ಆದ ಬೇಸರವನ್ನು ಏನೆಂದು ಹೇಳಲಿ? ನಾನು ಇಲ್ಲಿರುವುದರಿಂದ ಆ ಊಟ ತಪ್ಪಿತು, ಅಲ್ಲಿ ಅದು ಇದ್ದೇ ಇದೆ ಎಂದು ಇಷ್ಟು ದಿನ ನಂಬಿದ್ದೆ. ಅದು ಅಲ್ಲಿಯೂ ಇಲ್ಲ. ನಾನು ರೆಹಾನಾಳಿಗೆ ಹೇಳಿದ ಸುಳ್ಳಿನಲ್ಲಿ ಮಾತ್ರ ಇದೆ.

ಅವಳು ಹೋಗಿ ನಾನು ಒಪ್ಪಿಕೊಂಡದ್ದನ್ನು ಮೇಡಂಗೆ ತಿಳಿಸಿದಳು. ಕೇಳಿದವಳ ತಪ್ಪಲ್ಲ, ಹೇಳಿದವರದು ಎಂದಾಯಿತು. ಕನ್ನಡದವರನ್ನೆಲ್ಲ ಮತ್ತೆ ಮೂರು ಸಲ ಕೇಳಿ, ಹೊಸ ಉತ್ತರ ಜಾಡಿಗೆ ತಾಳೆಯಾದರೆ ಇಟ್ಟುಕೊಳ್ಳೋಣ ಎಂದು ಒಪ್ಪಿದರು. ನನ್ನ ಹಳೆಯ ಮೂರೂ ಊಟ ಅಳಿಸಿಹೋದವು. "ಇನ್ನ ಸುಳ್ಳು ಹೇಳಿದ್ರ ನನ್ನ ಕಥಿ ಮುಗೀತು ನೋಡ್ರಿ," ಎಂದು ರೆಹಾನಾ ಎಚ್ಚರಿಸಿದಳು. ಮೊದಲ ಎರಡು ಸಲ ಚಿಪ್ಸನ್ನೂ ಕಚೋರಿಯನ್ನೂ ತಲೆತಗ್ಗಿಸಿ ಹೇಳಿದೆ. ಹೇಳಿ ಹೇಳಿ ನನಗೇ ಅಸಹ್ಯವಾಯಿತು. ಅದೇ ವಾರ, ಶನಿವಾರ ಬೆಳಿಗ್ಗೆ, ಜಯಂತಿ ಏಳುವ ಮುಂಚೆ ನಾನೇ ಒಲೆಯ ಮುಂದೆ ನಿಂತೆ. ಎಡಗೈಯಲ್ಲಿ ರವೆ, ಬಲಗೈಯಲ್ಲಿ ಸೌಟು. ಆಮೇಲೆ ನಡೆದದ್ದನ್ನು ವಿವರಿಸುವುದಿಲ್ಲ.

ಮರುದಿನವೇ ಫೋನ್ ಬಂತು. "ನಿನ್ನೆ ಮುಂಜಾನೆ ಏನ್ ತಿಂದ್ರಿ ಅಂಕಲ್?"

"ಉಪ್ಪಿಟ್ಟು," ಎಂದೆ.

"ಅಂಕಲ್," ಎಂದಳು ಅಳುವ ದನಿಯಲ್ಲಿ, "ಕೈ ಮುಗೀತೀನ್ರಿ. ಮತ್ತ ಶುರು ಮಾಡಬ್ಯಾಡ್ರಿ."

"ಇಲ್ಲಮ್ಮ, ನಿಜವಾಗಲೂ ನಾನೇ ಮಾಡಿದೆ. ನಿಧಿ ನಗೋಕೆ ಅಂತ ಫೋಟೋ ತೆಗೆದಿದ್ದಾಳೆ, ಕಳಿಸ್ತೀನಿ ಇರು."

ಕಳಿಸಿದೆ. ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಜಯಂತಿಯೂ ನಿಧಿಯೂ ಪಕ್ಕಕ್ಕೆ ಬಂದು ನಿಂತರು. ರೆಹಾನಾ ಫೋಟೋ ನೋಡುತ್ತಿರುವುದು ಅವಳ ಉಸಿರಿನಲ್ಲೇ ತಿಳಿಯುತ್ತಿತ್ತು. ಆಮೇಲೆ ಕೀಲಿಮಣೆಯ ಸದ್ದು ಶುರುವಾಯಿತು.

"ಖರೇ ಐತ್ರಿ," ಎಂದಳು. "ಸುಳ್ಳು ಹೇಳಾವ್ರ ಉಪ್ಪಿಟ್ಟಿನಾಗ ಇಷ್ಟು ಗಂಟು ಇರಂಗಿಲ್ಲ. ಬರ್ಕೊಂಡೀನ್ರಿ. ಎಲ್ಲಾ ತಿಂದ್ರೇನು?"

"ಅವರೊಬ್ಬರೇ ತಿಂದ್ರು," ಎಂದಳು ಜಯಂತಿ.